ಟರ್ಮಿನಲ್‌ನಲ್ಲಿ ಚಕ್ಕನೆ ನೋಟ್ಸ್ ಬರೆದಿಡುವ ಟೂಲ್ ಮಾಡಬೇಕು, ಅದರಲ್ಲಿ ಟ್ಯಾಗ್, ಡೇಟಾಬೇಸ್ ಎಲ್ಲ ಇರಬೇಕು. ಪೈಥಾನ್ ಭಾಷೆ ಒಳ್ಳೆಯದಾ ರಸ್ಟ್ ಒಳ್ಳೆಯದಾ?

ಎರಡೂ ಬೇಡ. ನನ್ನ ಕೇಳಿದರೆ ಟೂಲೇ ಬೇಡ. ಟ್ಯಾಗ್, ಡೇಟಾಬೇಸ್ ಅಂತ ನೀವು ಹಾಕಿದ ಪಟ್ಟಿ ಓದುತ್ತಿದ್ದಂತೆ ನನ್ನದೇ ಹಳೇ ಕಥೆ ನೆನಪಾಯಿತು.

ನಾನೂ ಪೈಥಾನ್‌ನಲ್ಲಿ ಒಂದು ಬರೆದಿದ್ದೆ. ಒಳಗೆ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್. ಪ್ರತಿ ನೋಟ್‌ಗೂ ಯಾವ ವಿಭಾಗ, ಯಾವ ಟ್ಯಾಗ್ ಅಂತ ಕೇಳುತ್ತಿತ್ತು, ಅದಕ್ಕೆಲ್ಲ ಉತ್ತರ ಕೊಡುವಷ್ಟರಲ್ಲಿ ಬರೆಯಬೇಕಾದದ್ದೇ ಮರೆತುಹೋಗುತ್ತಿತ್ತು. ಎರಡು ವಾರಕ್ಕೇ ಬಿಟ್ಟೆ. ಆಮೇಲೆ ಬ್ಯಾಶ್‌ಆರ್‌ಸಿ ಅನ್ನುವ, ಟರ್ಮಿನಲ್‌ನ ಸೆಟ್ಟಿಂಗ್ ಇಡುವ ಫೈಲಿಗೆ ಒಂದು ಪುಟ್ಟ ಫಂಕ್ಷನ್ ಸೇರಿಸಿದೆ. 'ಎನ್' ಒತ್ತಿ ಮುಂದೆ ಏನು ಬರೆದರೂ ತಾರೀಖಿನ ಜೊತೆ >> ಮೂಲಕ ಒಂದೇ ಟೆಕ್ಸ್ಟ್ ಫೈಲಿನ ಕೊನೆಗೆ ಹೋಗಿ ಕೂರುತ್ತದೆ. ಹುಡುಕಲು ಗ್ರೆಪ್, ಅಂದರೆ ಬೇಕಾದ ಪದ ಇರುವ ಸಾಲುಗಳನ್ನು ಹುಡುಕಿ ತೋರಿಸುವ ಕಮಾಂಡ್. ಅಷ್ಟೇ. ಒಂದೂವರೆ ವರ್ಷ ಆರಾಮಾಗಿ ನಡೆಯಿತು.

ಆಮೇಲೆ ನಾನು ಜಾಣನಾದೆ. ಮುಗಿದ ಕೆಲಸಗಳ ಸಾಲು ಜಾಸ್ತಿ ಆಗಿತ್ತು. 'ಮುಗೀತು' ಅಂತಿರುವ ಸಾಲುಗಳನ್ನು ಬಿಟ್ಟು ಉಳಿದದ್ದು ಕೊಡು ಅಂತ ಗ್ರೆಪ್‌ಗೆ ಮೈನಸ್ ವಿ ಹಾಕಿ, ಬಂದದ್ದನ್ನು > ಕೊಟ್ಟು ಅದೇ ಫೈಲಿಗೆ ಬರೆಸಿದೆ. ನೋಡಿದರೆ ಫೈಲ್ 0 ಬೈಟ್.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಗ್ರೆಪ್ ಮೊದಲು ಓದಿ ಆಮೇಲೆ ಬರೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಆ > ಗುರುತು ಗ್ರೆಪ್‌ನ ಕಣ್ಣಿಗೇ ಬೀಳುವುದಿಲ್ಲ. ಅದನ್ನು ನೋಡಿಕೊಳ್ಳುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. ಗ್ರೆಪ್ ಶುರುವಾಗುವ ಮೊದಲೇ ಶೆಲ್ ಆ ಫೈಲ್ ತೆರೆದು ಪೂರ್ತಿ ಖಾಲಿ ಮಾಡಿಟ್ಟಿರುತ್ತದೆ, ಗ್ರೆಪ್ ಪಾಪ ಬರುವಷ್ಟರಲ್ಲಿ ಓದಲು ಏನೂ ಉಳಿದಿರುವುದಿಲ್ಲ. ಖಾತ್ರಿಯಾ ಅಂತ ಶೆಲ್ ಒಂದು ಮಾತೂ ಕೇಳುವುದಿಲ್ಲ. ಬೇರೆ ಹೆಸರಿನ ಫೈಲಿಗೆ ಬರೆಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಎಂವಿ ಕಮಾಂಡ್ ಕೊಟ್ಟು ಅದಕ್ಕೆ ಹಳೇ ಫೈಲಿನ ಹೆಸರು ಇಟ್ಟಿದ್ದರೆ ಸಾಕಿತ್ತು. ಬ್ಯಾಕಪ್ಪಾ? ಒಂದು ಟೆಕ್ಸ್ಟ್ ಫೈಲಿಗೆ ಬ್ಯಾಕಪ್ ಯಾಕೆ ಅಂತಿದ್ದವನು ನಾನು.

ಈಗ ಬ್ಯಾಶ್‌ಆರ್‌ಸಿಯಲ್ಲಿ 'ಸೆಟ್ ಮೈನಸ್ ಓ ನೋಕ್ಲಾಬರ್' ಅಂತ ಒಂದು ಸಾಲು ಇದೆ. ಇರುವ ಫೈಲಿನ ಮೇಲೆ > ಹಾಕಿದರೆ ಶೆಲ್ ಒಪ್ಪುವುದಿಲ್ಲ, >> ಮಾತ್ರ ಎಂದಿನಂತೆ ನಡೆಯುತ್ತದೆ. ನೋಟ್ಸ್ ಫೋಲ್ಡರ್ ಈಗ ಹಳೇ ಆವೃತ್ತಿಗಳನ್ನೂ ಉಳಿಸಿಡುವ ಗಿಟ್‌ನಲ್ಲಿದೆ, ಆ 'ಎನ್' ಫಂಕ್ಷನ್ನೇ ಪ್ರತಿ ಸಲ ಕಮಿಟ್ ಕೂಡ ಮಾಡುತ್ತದೆ, ಅಂದರೆ ಆ ಹೊತ್ತಿನ ಆವೃತ್ತಿಯನ್ನು ಗಿಟ್‌ನಲ್ಲಿ ದಾಖಲಿಸುತ್ತದೆ. ಹಳೇ ಸಾಲು ಅಳಿಸುವ ಗೊಡವೆಗೇ ಹೋಗುವುದಿಲ್ಲ. ಸಾವಿರಾರು ಸಾಲು ಗ್ರೆಪ್‌ಗೆ ಯಾವ ಲೆಕ್ಕ?

ನೋಟ್ಸ್ ಕನ್ನಡದಲ್ಲಿ ಬರೆದರೆ ಹುಡುಕಲು ಆಗುತ್ತದಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ಭೇದ ಬಿಟ್ಟು ಹುಡುಕು ಅಂತ ಗ್ರೆಪ್‌ಗೆ ಮೈನಸ್ ಐ ಹಾಕುವುದಷ್ಟೇ ದಂಡ, ನಮ್ಮ ಲಿಪಿಯಲ್ಲಿ ಅದೆಲ್ಲ ಎಲ್ಲಿದೆ?