ಹಂಡ್ರೆಡ್‌ನಲ್ಲಿ ಕತ್ತು ಹಿಡಿಯೋದು, ಹೊಟ್ಟೆ ಉಬ್ಬೋದು: ಹೊಸ ಬ್ಯಾಚಿಗೆ ಪಿಲಾಟೆಸ್ ಕಲಿಸುವ ಕ್ರಮ

ಮೇಡಂ, 45 ದಾಟಿದ ಹೆಂಗಸರ ಹೊಸ ಬ್ಯಾಚು, ಹಂಡ್ರೆಡ್ (ಅಂಗಾತ ಮಲಗಿ ತಲೆ, ಕಾಲು ಎತ್ತಿ, ಕೈ ಮೇಲೆ ಕೆಳಗೆ ಆಡಿಸುತ್ತಾ ನೂರು ಎಣಿಸುವ ವ್ಯಾಯಾಮ) ಮಾಡಿಸಿದರೆ ಕತ್ತು ಹಿಡಿಯುತ್ತೆ, ಹೊಟ್ಟೆ ಮೇಲಕ್ಕೆ ಉಬ್ಬುತ್ತೆ ಅಂತ ಕೇಳಿದ್ದೀರಿ. ಹಂಡ್ರೆಡ್ ಬೇಗ ಶುರುವಾಗಿದೆ, ಅಷ್ಟೇ. ಈ ಪದ್ಧತಿ ಹುಟ್ಟುಹಾಕಿದ ಜೋಸೆಫ್ ಪಿಲಾಟೆಸ್ 1945ರ ತಮ್ಮ ಪುಸ್ತಕದ 34 ವ್ಯಾಯಾಮಗಳಲ್ಲಿ ಅದನ್ನೇ ಮೊದಲಿಗೆ ಇಟ್ಟಿದ್ದಾರೆ ನಿಜ, ಆದರೆ ಹೊಸಬರಿಗೆ ಅದು ಮೊದಲ ಪಾಠವಲ್ಲ.

ಮೊದಲ ಎರಡು ವಾರ ಉಸಿರು ಮತ್ತು ಸೊಂಟದ ಸ್ಥಾನಕ್ಕೇ ಇಡಿ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟದ ಮುಂದಿನ ಎರಡೂ ಮೂಳೆ ಮತ್ತು ಕಿಬ್ಬೊಟ್ಟೆಯ ಕೆಳಗಿನ ಮೂಳೆ ಒಂದೇ ಮಟ್ಟದಲ್ಲಿರಬೇಕು. "ಬೆನ್ನು ನೆಲಕ್ಕೆ ಒತ್ತಿ" ಅನ್ನಬೇಡಿ. ಹಾಗಂದರೆ ಪೃಷ್ಠ ಬಿಗಿಯುತ್ತಾರೆ, ಒಳಗಿನ ಸ್ನಾಯು ಸುಮ್ಮನೆ ಮಲಗಿರುತ್ತೆ. ಮೂಗಿನಿಂದ ಉಸಿರು ಎಳೆದಾಗ ಪಕ್ಕೆಲುಬು ಅಗಲವಾಗಲಿ. ಬಾಯಿಂದ ಬಿಡುವಾಗ, ಬಿಗಿ ಪ್ಯಾಂಟಿನ ಜಿಪ್ ಹಾಕುವಂತೆ ಕೆಳಹೊಟ್ಟೆ ಒಳಕ್ಕೆ ಹೋಗಲಿ. ಶಕ್ತಿಯ ಕಾಲು ಭಾಗ ಸಾಕು. ಪೂರ್ತಿ ಬಿಗಿದರೆ ಉಸಿರು ಕಟ್ಟುತ್ತಾರೆ, ಬಿಪಿ ಇದ್ದವರಿಗೆ ಅದು ಒಳ್ಳೇದಲ್ಲ. ಪರೀಕ್ಷೆ ಸುಲಭ: ಸೊಂಟದ ಮೂಳೆಯಿಂದ ಒಂದಿಂಚು ಒಳಗೆ, ಕೊಂಚ ಕೆಳಗೆ ಅವರದೇ ಬೆರಳು ಇಡಿಸಿ. ಉಸಿರು ಬಿಡುವಾಗ ಅಲ್ಲಿ ಮೆಲ್ಲಗೆ ಬಿಗಿಯಾಗಬೇಕು. ಹೊಟ್ಟೆ ಬೆರಳನ್ನು ಹೊರಕ್ಕೆ ತಳ್ಳಿದರೆ ಅವರು ತಿಣುಕುತ್ತಿದ್ದಾರೆ ಅಂತ ಅರ್ಥ. ಹೊಟ್ಟೆ ಉಬ್ಬೋದೂ ಇದರಿಂದಲೇ.

ಇದರ ಜೊತೆಗೆ ಬ್ರಿಡ್ಜ್ (ಮಂಡಿ ಮಡಚಿ ಮಲಗಿ ಸೊಂಟ ಎತ್ತುವುದು) 8 ಸಲ, ಒಂದೊಂದೇ ಕಾಲಿನ ಟೋ ಟ್ಯಾಪ್ (ಮಡಚಿ ಎತ್ತಿದ ಕಾಲಿನ ತುದಿಯನ್ನು ನೆಲದ ಕಡೆ ಇಳಿಸಿ ಮತ್ತೆ ಎತ್ತುವುದು) 6ರಿಂದ 8 ಸಲ. ಸೊಂಟ ಕಮಾನಾಗುವ ಮೊದಲೇ ಕಾಲಿನ ಇಳಿತ ನಿಲ್ಲಬೇಕು.

ಇನ್ನು ಕತ್ತು. ತಲೆಯ ತೂಕ ಸುಮಾರು 4.5–5 ಕೆಜಿ. ಎದೆಯ ಹಿಂದಿನ ಬೆನ್ನು ಬಾಗದಿದ್ದರೆ ಅಷ್ಟನ್ನೂ ಕತ್ತೇ ಎತ್ತಬೇಕು. ಅದಕ್ಕೆ ಮೊದಲು ಹೌದು ಅನ್ನುವಂತೆ ತಲೆ ಸಣ್ಣಗೆ ಆಡಿಸಿ ಗದ್ದ ಇಳಿಸಿ, ಗದ್ದಕ್ಕೂ ಎದೆಗೂ ನಡುವೆ ಒಂದು ಮುಷ್ಟಿ ಜಾಗ ಉಳಿಯಲಿ. ಆಮೇಲೆ ಉಸಿರು ಬಿಡುತ್ತಾ ಪಕ್ಕೆಲುಬನ್ನು ಸೊಂಟದ ಕಡೆ ಜಾರಿಸಿ ಏಳಲಿ. ಭುಜದೆಲುಬಿನ ಕೆಳತುದಿ ಮ್ಯಾಟಿಗೆ ತಾಗಿಯೇ ಇರಲಿ, ದೃಷ್ಟಿ ತೊಡೆಯ ಮೇಲಿರಲಿ. ಸೀಲಿಂಗ್ ನೋಡುವವರಿಗೇ ಹೆಚ್ಚು ನೋವು. ಬೆನ್ನು ಬಾಗದವರು ಕೈ ತಲೆಯ ಹಿಂದೆ ಇಟ್ಟು ಭಾರ ಕೈಗೇ ಬಿಡಲಿ.

ಇಷ್ಟು ಬಂದ ಮೇಲೆ ಹಂಡ್ರೆಡ್: ತಲೆ ಕೆಳಗೆ, ಪಾದ ನೆಲದ ಮೇಲೆ, 5 ಎಣಿಕೆಗೆ ಉಸಿರು ಒಳಗೆ, 5ಕ್ಕೆ ಹೊರಗೆ, 4 ಸುತ್ತು. ಮುಂದೆ ಒಂದು ಕಾಲು, ಆಮೇಲೆ ಎರಡೂ ಕಾಲು ಟೇಬಲ್‌ಟಾಪ್ (ಮಂಡಿ ಮಡಚಿ, ಮೊಣಕಾಲಿನ ಕೆಳಭಾಗ ನೆಲಕ್ಕೆ ಸಮಾನಾಂತರವಾಗಿ ಎತ್ತಿದ ಸ್ಥಿತಿ), ಕೊನೆಗೆ ತಲೆಯನ್ನೂ ಎತ್ತಿ 10 ಸುತ್ತು. ವಾರಕ್ಕೆ ಒಂದೇ ಬದಲಾವಣೆ. ಹೊಟ್ಟೆ ನಡುವೆ ಉದ್ದಕ್ಕೆ ಏಣು ಎದ್ದರೆ ಹಿಂದಿನ ಹಂತಕ್ಕೆ ಬನ್ನಿ. ಅಲ್ಲೂ ಏಳುತ್ತಿದ್ದರೆ ಫಿಸಿಯೋಥೆರಪಿಸ್ಟ್ ನೋಡಲಿ, ಬಸಿರಿನಲ್ಲಿ ನಡುವೆ ಬಿಟ್ಟುಕೊಂಡ ಹೊಟ್ಟೆಯ ಸ್ನಾಯು ಮತ್ತೆ ಕೂಡಿರಲಿಕ್ಕಿಲ್ಲ.

ಮುಟ್ಟು ನಿಂತವರನ್ನು ಮೂಳೆ ಸವೆತದ (ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್) ಬಗ್ಗೆ ಸೇರಿಸಿಕೊಳ್ಳುವಾಗಲೇ ಕೇಳಿ. ಇದ್ದರೆ ರೋಲ್ ಅಪ್ (ಮಲಗಿದಲ್ಲಿಂದ ಬೆನ್ನು ಸುತ್ತುತ್ತಾ ಏಳುವುದು), ರೋಲಿಂಗ್ ಲೈಕ್ ಎ ಬಾಲ್ (ಚೆಂಡಿನಂತೆ ಮುದುಡಿ ಬೆನ್ನ ಮೇಲೆ ಉರುಳುವುದು), ತಲೆ ಎತ್ತಿದ ಹಂಡ್ರೆಡ್ ಯಾವುದೂ ಬೇಡ. ಬೆನ್ನು ಮುಂದಕ್ಕೆ ಬಾಗಿ ಭಾರ ಹೊತ್ತರೆ ಕಶೇರುಕ (ಬೆನ್ನುಮೂಳೆಯ ಮಣಿ) ಕುಸಿಯಬಹುದು. ಬದಲಿಗೆ ಬೋರಲು ಮಲಗಿ ಎದೆ ಎತ್ತುವುದು, ಬ್ರಿಡ್ಜ್ ಮಾಡಿಸಿ.

ಅವರ ಜೊತೆ ನೀವೂ ಮಲಗಿ ಮಾಡಬೇಡಿ, ಕಾಣೋದೇ ಇಲ್ಲ. ಎರಡು ಸಲ ತೋರಿಸಿ ಎದ್ದು ಓಡಾಡಿ, ಒಬ್ಬರಿಗೆ ಒಂದೇ ತಿದ್ದುಪಡಿ ಹೇಳಿ. ಇನ್ನೊಂದು, ಯೋಗದ 4–6 ಮಿಮೀ ಮ್ಯಾಟ್ ಬೆನ್ನುಮೂಳೆಗೆ ಒತ್ತುತ್ತೆ, 10 ಮಿಮೀ ಮೇಲಿನದು ತರಿಸಿ; ಸದ್ಯಕ್ಕೆ ಅದರಡಿ ಜಮಖಾನೆ ಹಾಸಿದರೂ ನಡೆಯುತ್ತೆ.