ಪಾಲಿಶ್ ಮಾಡಿಸಿದ ಮೇಲೂ ಹಲ್ಲಿನ ಕಲೆ ಮರಳುತ್ತಿದೆ, ಒಂದು ಹಲ್ಲು ಬೂದಾಗಿಯೇ ಉಳಿದಿದೆ: ಮತ್ತೆ ಪಾಲಿಶ್ ಮಾಡಿಸಬೇಕೆ?

ನಿಮ್ಮ ಪ್ರಶ್ನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಲೆಗಳಿವೆ. ಆರು ತಿಂಗಳ ಹಿಂದೆ ಪಾಲಿಶ್ ಮಾಡಿಸಿದ ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಗೆ ಕಂದು ಬಣ್ಣ ಮರಳಿದೆ. ಮೇಲಿನ ಒಂದು ಬಾಚಿಹಲ್ಲು ಪಾಲಿಶ್ ಆದ ದಿನವೂ ಬೂದಾಗಿಯೇ ಇತ್ತು. ನಿಮ್ಮ ಎಂಟು ವರ್ಷದ ಮಗನ ಹಲ್ಲುಗಳಲ್ಲಿ ಒಸಡಿನ ಅಂಚಿಗೆ ಕಪ್ಪು ಗೆರೆ ಮೂಡಿದೆ. ಇಬ್ಬರಿಗೂ ಮತ್ತೆ ಪಾಲಿಶ್ ಮಾಡಿಸಬಹುದೇ, ಪದೇ ಪದೇ ಮಾಡಿಸಿದರೆ ಹಲ್ಲು ಸವೆಯುವುದೇ ಎಂದು ಕೇಳಿದ್ದೀರಿ. ನಾನು ಬಹುಕಾಲದಿಂದ ದಂತವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಮೂರರಲ್ಲಿ ನನ್ನ ಗಮನ ಮೊದಲು ಹೋಗುವುದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ಆ ಬೂದು ಹಲ್ಲಿನ ಕಡೆಗೆ.

ಬಾಯಿಯಲ್ಲಿ ಉಳಿದ ಹಲ್ಲುಗಳೆಲ್ಲ ತಮ್ಮ ಬಣ್ಣದಲ್ಲಿದ್ದು ಒಂದು ಮಾತ್ರ ಬೂದಾಗಿದ್ದರೆ ಆ ಬಣ್ಣ ಹೊರಗಿನಿಂದ ಬಂದದ್ದಲ್ಲ ಎಂದೇ ಹೆಚ್ಚಾಗಿ ತಿಳಿಯಬೇಕು, ಏಕೆಂದರೆ ಚಹಾ, ಕಾಫಿ, ತಂಬಾಕು ಇವು ಒಂದು ಹಲ್ಲನ್ನು ಆರಿಸಿಕೊಂಡು ಬಣ್ಣ ಹಚ್ಚುವುದಿಲ್ಲ. ಎಂದೋ ಬಿದ್ದಾಗ, ಆಟದಲ್ಲಿ ಚೆಂಡು ತಗುಲಿದಾಗ ಹಲ್ಲಿನ ತಿರುಳಿನೊಳಗೆ, ಅಂದರೆ ನರ, ರಕ್ತನಾಳಗಳಿರುವ ಒಳಗಿನ ಮೆದು ಭಾಗದೊಳಗೆ, ರಕ್ತ ಸೋರಿರಬಹುದು. ಆ ರಕ್ತದ ಹಿಮೋಗ್ಲೋಬಿನ್ ಒಡೆದು, ಅದರಲ್ಲಿದ್ದ ಕಬ್ಬಿಣದ ಅಂಶ ಹಲ್ಲಿನ ಒಳಪದರವಾದ ಡೆಂಟಿನ್‌ನ ಸೂಕ್ಷ್ಮ ನಾಳಗಳೊಳಗೆ ಇಳಿದು, ಅರೆಪಾರದರ್ಶಕ ಹೊರಪದರವಾದ ಎನಾಮೆಲ್‌ನ ಹಿಂದಿನಿಂದ ಬೂದಾಗಿ ಕಾಣುತ್ತದೆ. ಪೆಟ್ಟು ಬಿದ್ದು ಹಲವು ವರ್ಷಗಳಾದ ಮೇಲೆ, ನೋವಿನ ಸುಳಿವೇ ಇಲ್ಲದೆ ಇದು ಬೆಳಕಿಗೆ ಬರುವುದುಂಟು. ಹಲ್ಲು ಬೂದಾಗದೆ ಹಳದಿಗೆ ತಿರುಗಿದ್ದರೆ ತಿರುಳು ಸತ್ತಿಲ್ಲ, ತನ್ನ ಸುತ್ತ ಹೆಚ್ಚುವರಿ ಡೆಂಟಿನ್ ಕಟ್ಟಿಕೊಳ್ಳುತ್ತಿದೆ ಎಂಬ ಸಾಧ್ಯತೆಯೇ ಹೆಚ್ಚು. ಅಂಥ ಹಲ್ಲಿಗೆ ಅನೇಕ ಸಲ ಚಿಕಿತ್ಸೆಯೇ ಬೇಕಾಗುವುದಿಲ್ಲ. ಗುಲಾಬಿ ಛಾಯೆ ಕಂಡರೆ ಹಲ್ಲು ಒಳಗಿನಿಂದ ಕರಗುತ್ತಿರಬಹುದಾದ್ದರಿಂದ ತಡಮಾಡಬಾರದು. ಇವುಗಳಲ್ಲಿ ಯಾವುದು ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಎಕ್ಸ್-ರೇ ತೆಗೆದು, ತಣ್ಣನೆಯ ವಸ್ತುವನ್ನು ತಾಗಿಸಿ ತಿರುಳು ಸ್ಪಂದಿಸುತ್ತದೆಯೇ ಎಂದು ಪರೀಕ್ಷಿಸಬೇಕು.

ಪರೀಕ್ಷೆಯಲ್ಲಿ ತಿರುಳು ಸತ್ತಿರುವುದು ಖಚಿತವಾದರೆ ಮೊದಲು ರೂಟ್ ಕೆನಾಲ್ ಆಗಬೇಕು, ಬಣ್ಣದ ಮಾತು ಆಮೇಲೆ. ಆ ಬಣ್ಣವನ್ನು ಸಹ ಹೊರಗಿನಿಂದ ಉಜ್ಜಿ ತೆಗೆಯಲಾಗದು. ಹಲ್ಲಿನ ಒಳಕೋಣೆಯಲ್ಲಿ ಸೋಡಿಯಂ ಪರ್ಬೋರೇಟ್‌ನಂಥ ಬಿಳುಪುಕಾರಕವನ್ನು ಕೆಲವು ದಿನ ಮುಚ್ಚಿಟ್ಟು ಒಳಗಿನಿಂದ ತಿಳಿಯಾಗಿಸುತ್ತಾರೆ. ಇದೇ ಕೆಲಸಕ್ಕೆ ಹಿಂದೆ 30 ಪ್ರತಿಶತದಷ್ಟು ಪ್ರಬಲವಾದ ಹೈಡ್ರೋಜನ್ ಪೆರಾಕ್ಸೈಡನ್ನು ಶಾಖದೊಡನೆ ಬಳಸುವ ವಾಡಿಕೆಯಿತ್ತು. ಅದರಿಂದ ಹಲ್ಲಿನ ಕುತ್ತಿಗೆಯ ಭಾಗ ಕರಗುವ ಅಪಾಯ ಹೆಚ್ಚೆಂದು ತಿಳಿದ ಮೇಲೆ ಎಚ್ಚರವುಳ್ಳ ವೈದ್ಯರು ಆ ವಿಧಾನವನ್ನು ಕೈಬಿಟ್ಟಿದ್ದಾರೆ.

ಇನ್ನು ಮರಳಿ ಬಂದ ಕಂದು ಬಣ್ಣ. ಹಲ್ಲನ್ನು ಎಷ್ಟೇ ಶುಚಿಯಾಗಿ ಪಾಲಿಶ್ ಮಾಡಿದರೂ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಅದರ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯನ್ನು ಹಾಸುತ್ತವೆ. ಈ ಪೊರೆ ಹಲ್ಲಿಗೆ ಬೇಕಾದದ್ದೇ, ಆಮ್ಲದಿಂದ ಅದನ್ನು ಒಂದಿಷ್ಟು ಕಾಯುತ್ತದೆ. ಆದರೆ ಚಹಾ, ಕಾಫಿಗಳ ಟ್ಯಾನಿನ್ ಹಾಗೂ ತಂಬಾಕಿನ ಟಾರ್ ಅಂಟಿಕೊಳ್ಳುವುದೂ ಇದಕ್ಕೇ. ಆದ್ದರಿಂದ ಕಲೆ ಮರಳಿತು ಎಂದ ಮಾತ್ರಕ್ಕೆ ಪಾಲಿಶ್ ಕೆಟ್ಟದಾಗಿತ್ತು ಎಂದಲ್ಲ, ಕಲೆಯ ಮೂಲ ಹಾಗೆಯೇ ಮುಂದುವರಿದಿದೆ ಎಂದಷ್ಟೇ ಅರ್ಥ. ಕೆಳಗಿನ ಬಾಚಿಹಲ್ಲುಗಳ ಒಳಬದಿ ಜೊಲ್ಲುಗ್ರಂಥಿಗಳ ಬಾಯಿಗೆ ಎದುರಾಗಿರುವುದರಿಂದ ಅಲ್ಲಿ ಕಿಟ್ಟವೂ (ಗಟ್ಟಿಯಾದ ದಂತಪಾಚಿ) ಬೇಗ ಕಟ್ಟುತ್ತದೆ. ಕಿಟ್ಟದ ಒರಟು ಮೇಲ್ಮೈಗೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ಹೀಗಿದ್ದಾಗ ಬರಿಯ ಪಾಲಿಶ್ ಸಾಲದು. ಮೊದಲು ಸ್ಕೇಲಿಂಗ್ ಮಾಡಿ ಕಿಟ್ಟವನ್ನು ಬಿಡಿಸಬೇಕು, ಏಕೆಂದರೆ ಪಾಲಿಶ್ ಮಾಡುವ ರಬ್ಬರ್ ಕಪ್ ಕಿಟ್ಟದ ಮೇಲಿನ ಬಣ್ಣವನ್ನು ಒರೆಸಬಲ್ಲುದೇ ಹೊರತು ಕಿಟ್ಟವನ್ನು ಅಲುಗಿಸಲಾರದು.

ನೀವು ಬರೆಯದೆ ಬಿಟ್ಟಿರುವ ಒಂದು ಸಂಗತಿಯನ್ನು ನಾನು ಕೇಳಲೇಬೇಕು: ಬಾಯಿ ಮುಕ್ಕಳಿಸಲು ಯಾವ ದ್ರಾವಣ ಬಳಸುತ್ತಿದ್ದೀರಿ? ವೃತ್ತಿಯ ಆರಂಭದ ದಿನಗಳಲ್ಲಿ ಒಬ್ಬರ ಹಲ್ಲಿನ ಕಂದು ಕಲೆಗಳನ್ನು ನಾನು ಬಹಳ ಶ್ರದ್ಧೆಯಿಂದ ತೆಗೆದು ಕಳಿಸಿದೆ. ಕೆಲವೇ ವಾರಗಳಲ್ಲಿ ಅವರು ಮೊದಲಿಗಿಂತ ಗಾಢವಾದ ಕಲೆಗಳೊಡನೆ ಹಿಂದಿರುಗಿದರು. ಒಸಡಿನ ಊತಕ್ಕೆಂದು ಎಂದೋ ಬರೆದುಕೊಟ್ಟಿದ್ದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಅವರು ತಿಂಗಳುಗಟ್ಟಲೆ ನಿಲ್ಲಿಸದೆ ಬಳಸುತ್ತಿದ್ದರು, ನಾನು ವಿಚಾರಿಸಿರಲಿಲ್ಲ. ಕ್ಲೋರ್‌ಹೆಕ್ಸಿಡಿನ್‌ಗೆ ತನ್ನದೇ ಬಣ್ಣದ ಕಲೆ ಮಾಡುವ ಗುಣವಿಲ್ಲ. ಅದು ಹಲ್ಲಿನ ಮೇಲ್ಮೈಗೆ ಅಂಟಿ, ಆಹಾರ ಪಾನೀಯಗಳಲ್ಲಿರುವ ಬಣ್ಣದ ಕಣಗಳನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ದ್ರಾವಣ ನಿಲ್ಲಿಸಿ ಒಮ್ಮೆ ಪಾಲಿಶ್ ಮಾಡಿದರೆ ಆ ಕಲೆ ಹೋಗುತ್ತದೆ, ನಿಲ್ಲಿಸದೆ ಎಷ್ಟು ಸಲ ಮಾಡಿದರೂ ಮರಳುತ್ತದೆ. 1997ರಲ್ಲಿ ನಾಥೂ ಎಂಬ ಸಂಶೋಧಕರು ಹೊರಗಿನ ಕಲೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬಣ್ಣದ ವಸ್ತು ತನ್ನ ಬಣ್ಣದಲ್ಲಿಯೇ ಅಂಟುವುದು, ಅಂಟಿದ ಮೇಲೆ ಬಣ್ಣ ಬದಲಿಸುವುದು, ಬಣ್ಣವಿಲ್ಲದ ವಸ್ತು ಅಂಟಿ ಹಲ್ಲಿನ ಮೇಲೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಬಣ್ಣವಾಗುವುದು. ಈ ಮೂರನೆಯ ಬಗೆಯೇ ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಕಾರಣವಾದ ವಸ್ತು ಸೀಸೆಯಲ್ಲಿರುವಾಗ ಕಲೆಯ ಸುಳಿವನ್ನೇ ಕೊಡುವುದಿಲ್ಲ.

ಸವೆತದ ಬಗ್ಗೆ ನಿಮಗಿರುವ ಭಯ ಪೂರ್ತಿ ನಿರಾಧಾರವಲ್ಲ, ಆದರೆ ನೀವು ಊಹಿಸಿದಷ್ಟು ದೊಡ್ಡದೂ ಅಲ್ಲ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಎನಾಮೆಲ್ ಸುಮಾರು 5ರಲ್ಲಿ, ಡೆಂಟಿನ್ 3ರಿಂದ 4ರ ನಡುವೆ ನಿಲ್ಲುತ್ತದೆ. ಪಾಲಿಶ್ ಪೇಸ್ಟಿನಲ್ಲಿ ಬಳಸುವ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲಿನ ಪುಡಿ ಸುಮಾರು 6ರಲ್ಲಿ, ಅಂದರೆ ಎನಾಮೆಲ್‌ಗಿಂತ ಗಡುಸಾಗಿ ಇರುತ್ತದೆ. ಒರಟು ಪೇಸ್ಟನ್ನು ಒತ್ತಿ ಹಿಡಿದು ಹೆಚ್ಚು ಹೊತ್ತು ತಿರುಗಿಸಿದರೆ ಎನಾಮೆಲ್‌ನ ಹೊರಗಿನ ಕೆಲವು ಮೈಕ್ರಾನುಗಳು ಹೋಗುತ್ತವೆ. ಫ್ಲೋರೈಡ್ ಹೆಚ್ಚಾಗಿ ಸೇರಿಕೊಂಡಿರುವ ಪದರವೂ ಅದೇ. ಒಸಡು ಜಾರಿ ಬೇರು ತೆರೆದುಕೊಂಡ ಕಡೆ ಈ ನಷ್ಟ ಇನ್ನೂ ಹೆಚ್ಚು. ಅದಕ್ಕಾಗಿಯೇ ಎಲ್ಲ ಹಲ್ಲುಗಳಿಗೂ ಒಂದೇ ಸಮನೆ ಪಾಲಿಶ್ ಮಾಡುವ ಹಳೆಯ ಪದ್ಧತಿಯನ್ನು ಬಿಟ್ಟು, ಸ್ಕೇಲಿಂಗ್ ಆದ ಮೇಲೂ ಕಲೆ ಉಳಿದಿರುವ ಹಲ್ಲುಗಳಿಗೆ ಮಾತ್ರ, ಕಲೆಯನ್ನು ತೆಗೆಯಬಲ್ಲ ಪೇಸ್ಟುಗಳಲ್ಲಿ ಅತ್ಯಂತ ನಯವಾದದ್ದನ್ನು ಆರಿಸಿ, ಕಡಿಮೆ ವೇಗದಲ್ಲಿ, ಹಗುರವಾಗಿ, ಬಿಟ್ಟು ಬಿಟ್ಟು ತಾಗಿಸುವುದು ಈಗಿನ ಸರಿಯಾದ ಕ್ರಮ. ಬಿಟ್ಟು ಬಿಟ್ಟು ಎಂದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಸತತವಾಗಿ ಒತ್ತಿದರೆ ಹುಟ್ಟುವ ಶಾಖ ತಿರುಳಿಗೆ ಒಳ್ಳೆಯದಲ್ಲ. ನಿಮ್ಮ ಹಲ್ಲುಗಳು ಜುಮ್ಮೆನ್ನುವುದಾದರೆ ಗ್ಲೈಸಿನ್ ಅಥವಾ ಎರಿಥ್ರಿಟಾಲ್‌ನ ನುಣ್ಣನೆಯ ಪುಡಿಯನ್ನು ನೀರು ಮತ್ತು ಗಾಳಿಯೊಡನೆ ಸಿಂಪಡಿಸುವ ಏರ್ ಪಾಲಿಶಿಂಗ್ ಬಗ್ಗೆ ವಿಚಾರಿಸಿ. ಅದೇ ಯಂತ್ರದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಪುಡಿಯನ್ನು ಬಳಸುವುದಾದರೆ, ಉಪ್ಪು ಕಡಿಮೆ ಮಾಡಬೇಕೆಂಬ ಸೂಚನೆ ನಿಮಗಿದ್ದಲ್ಲಿ ಮೊದಲೇ ತಿಳಿಸಬೇಕು. ಉಬ್ಬಸದಂಥ ಉಸಿರಾಟದ ತೊಂದರೆ ಇದ್ದರೆ ಪುಡಿ ಯಾವುದೇ ಆಗಿರಲಿ ಹೇಳಲೇಬೇಕು.

ಮನೆಯಲ್ಲಿ ನಿಂಬೆರಸ ಅಥವಾ ಇದ್ದಿಲಿನಿಂದ ಉಜ್ಜುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಪಿಎಚ್ (ಆಮ್ಲತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5ರ ಕೆಳಗೆ ಎನಾಮೆಲ್ ಕರಗತೊಡಗುತ್ತದೆ, ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿದೆ. ಅದನ್ನು ಹಚ್ಚಿ ಉಜ್ಜಿದಾಗ ಕಾಣುವ ಹೊಳಪು ಹಲ್ಲನ್ನೇ ತೆತ್ತು ಪಡೆದದ್ದು. ಎನಾಮೆಲ್ ತೆಳುವಾದಷ್ಟೂ ಒಳಗಿನ ಡೆಂಟಿನ್‌ನ ಹಳದಿ ಎದ್ದು ಕಾಣುವುದರಿಂದ ಕೊನೆಗೆ ಬಿಳುಪೂ ಕೈತಪ್ಪುತ್ತದೆ.

ಕನ್ನಡಿಯ ಮುಂದೆ ನೀವೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಹಲ್ಲುಜ್ಜಿ, ಶುಭ್ರವಾದ ಬಟ್ಟೆಯಿಂದ ಹಲ್ಲನ್ನು ಒಣಗಿಸಿ, ಹಗಲಿನ ಬೆಳಕಿನಲ್ಲಿ ನೋಡಿ. ಬಣ್ಣವು ಹಲ್ಲುಗಳ ಸಂದಿಗಳಲ್ಲಿಯೂ ಒಸಡಿನ ಅಂಚಿನಲ್ಲಿಯೂ ಗುಂಪುಗೂಡಿದ್ದರೆ ಅದು ಹೊರಗಿನದಾಗಿರುವ ಸಂಭವ ಹೆಚ್ಚು. ಒಣಗಿದಾಗ ಒಸಡಿನ ಬಳಿ ಸುಣ್ಣದಂಥ ಮಂಕು ಬಿಳಿ ಮಚ್ಚೆ ಕಂಡರೆ ಅದು ಹುಳುಕಿನ ಮೊದಲ ಹಂತವಿರಬಹುದು. ಅದನ್ನು ಉಜ್ಜಬಾರದು, ಫ್ಲೋರೈಡ್ ಕೊಟ್ಟು ಗಟ್ಟಿಗೊಳಿಸಬೇಕು. ಎಡಬಲಗಳ ಜೋಡಿಹಲ್ಲುಗಳಲ್ಲಿ ಒಂದೇ ಮಟ್ಟದಲ್ಲಿ ಪಟ್ಟೆಗಳಿದ್ದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಏನೋ ನಡೆದಿದೆ ಎಂದರ್ಥ: ನೀರಿನಲ್ಲಿ ಹೆಚ್ಚು ಫ್ಲೋರೈಡ್ ಇದ್ದಿರಬಹುದು, ಅಥವಾ ಎಂಟು ವರ್ಷದೊಳಗೆ ಟೆಟ್ರಾಸೈಕ್ಲಿನ್ ಔಷಧ ಸೇವಿಸಿರಬಹುದು. ಇವಕ್ಕೂ ಪಾಲಿಶ್ ಉತ್ತರವಲ್ಲ. ಹುಳುಕೋ ಕಲೆಯೋ ಎಂದು ತಿಳಿಯಲು ಪಿನ್ನಿನಿಂದ ಕೆರೆಯುವ ಸಾಹಸವಂತೂ ಬೇಡ. ದುರ್ಬಲವಾದ ಎನಾಮೆಲ್ ಅಷ್ಟರಿಂದಲೇ ಕುಸಿಯುತ್ತದೆ.

ಮಗನ ಕಪ್ಪು ಗೆರೆಯ ವಿಷಯದಲ್ಲಿ ನೀವು ಸಮಾಧಾನದಿಂದಿರಬಹುದು. ಒಸಡಿನಿಂದ ಸುಮಾರು ಒಂದು ಮಿಲಿಮೀಟರ್ ಮೇಲೆ, ಅದರ ಬಾಗನ್ನೇ ಅನುಸರಿಸಿ ಹರಿಯುವ ತೆಳುವಾದ ಕಪ್ಪು ಗೆರೆಯು ಚೆನ್ನಾಗಿ ಹಲ್ಲುಜ್ಜುವ ಮಕ್ಕಳಲ್ಲಿಯೂ ಕಾಣುತ್ತದೆ. ಬಾಯಿಯ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ಜೊಲ್ಲಿನಲ್ಲಿರುವ ಕಬ್ಬಿಣದೊಡನೆ ಸೇರಿ ಈ ಕಪ್ಪು ಹುಟ್ಟುತ್ತದೆ. ಇಂಥ ಗೆರೆಯಿರುವ ಮಕ್ಕಳಲ್ಲಿ ಹುಳುಕು ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಕಲೆ ಬಿದ್ದ ಹಲ್ಲು ಹುಳುಕಿಗೆ ಜಗ್ಗದಿರುವುದು ದಂತವೈದ್ಯಕೀಯದಲ್ಲಿ ಹೊಸ ಸಂಗತಿಯೇನಲ್ಲ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮ್ಯಾಕೇ ಎಂಬ ಯುವ ದಂತವೈದ್ಯರಿಗೆ ಅಲ್ಲಿನ ಜನರ ಕಂದುಗಟ್ಟಿದ ಹಲ್ಲುಗಳು ಕಣ್ಣಿಗೆ ಬಿದ್ದು, ಆ ಹಲ್ಲುಗಳಿಗೆ ಹುಳುಕು ಸುಲಭವಾಗಿ ತಗುಲುವುದಿಲ್ಲ ಎಂಬುದೂ ಮುಂದೆ ಗಮನಕ್ಕೆ ಬಂತು. ಕಾರಣ ಕುಡಿಯುವ ನೀರಿನ ಫ್ಲೋರೈಡ್ ಎಂದು ಖಚಿತವಾದದ್ದು 1931ರಲ್ಲಿ, ಎಚ್. ವಿ. ಚರ್ಚಿಲ್ ಎಂಬ ರಸಾಯನ ವಿಜ್ಞಾನಿಯ ಪರೀಕ್ಷೆಯಿಂದ. ಮಗನ ಗೆರೆಗೂ ಫ್ಲೋರೈಡಿಗೂ ಸಂಬಂಧವಿಲ್ಲ, ಆದರೆ ಕಲೆಯೆಲ್ಲ ರೋಗವಲ್ಲ ಎಂಬುದು ಎರಡರಲ್ಲಿಯೂ ಒಂದೇ.

ಆ ಗೆರೆ ಬ್ರಷ್‌ನಿಂದ ಹೋಗುವುದಿಲ್ಲ, ಪಾಲಿಶ್‌ನಿಂದ ಹೋಗುತ್ತದೆ, ಬಹುಪಾಲು ಮರಳಿ ಬರುತ್ತದೆ, ವಯಸ್ಸಾದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಶಾಲೆಯಲ್ಲಿ ಯಾರಾದರೂ ಆಡಿಕೊಂಡು ಅವನು ನೊಂದಿದ್ದರೆ ಒಮ್ಮೆ ನಯವಾದ ಪೇಸ್ಟಿನಿಂದ ತೆಗೆಸಿ. ಇಲ್ಲವಾದರೆ ಅವನ ಮುಂದಿನ ತಪಾಸಣೆಯವರೆಗೆ ಹಾಗೆಯೇ ಇರಲಿ. ನಿಮ್ಮ ಬೂದು ಹಲ್ಲನ್ನು ಮಾತ್ರ ಈ ವಾರವೇ ತೋರಿಸಿ. ಹೋಗುವಾಗ ಬಾಯಿ ಮುಕ್ಕಳಿಸುವ ದ್ರಾವಣದ ಸೀಸೆಯನ್ನೂ ಜೊತೆಗೆ ಒಯ್ಯಿರಿ, ಆ ಹಲ್ಲಿಗೆ ಪೆಟ್ಟು ಬಿದ್ದದ್ದು ಯಾವಾಗ ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿ.