ಡಿಸಿಎಸ್‌ನಲ್ಲಿ ಹಾರ್ನೆಟ್ ಹಾರಿಸುವವರು ಮಿಡ್‌ವೇ ಹಡಗಿನಲ್ಲಿ ಏನು ನೋಡಬೇಕು?

ಡಿಸಿಎಸ್ ಎಂಬ ಹಾರಾಟದ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಹಾರ್ನೆಟ್ ಯುದ್ಧವಿಮಾನವನ್ನು ವಿಮಾನವಾಹಕ ಹಡಗಿನ ಮೇಲೆ ಇಳಿಸುವಾಗ ಪ್ರತಿಸಲ ಇಳಿಯುವ ಪಟ್ಟಿಯ ನಡುಗೆರೆಯ ಎಡಕ್ಕೆ ಹೋಗುತ್ತೀರಿ. ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ಈಗ ಮ್ಯೂಸಿಯಂ ಆಗಿರುವ ವಿಮಾನವಾಹಕ ಹಡಗು ಯುಎಸ್‌ಎಸ್ ಮಿಡ್‌ವೇಯಲ್ಲಿ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತು ನೋಡಿದರೆ ಕೈ ಕುದುರೀತೇ ಎಂದು ಕೇಳಿದ್ದೀರಿ. ಕುದುರುವುದಿಲ್ಲ. ನಾನೂ ಐದು ತಿಂಗಳು ಎಡಕ್ಕೇ ಹೋದವನು. ಹೊಸ ಜಾಯ್‌ಸ್ಟಿಕ್ ಕೊಂಡೆ, ಪೆಡಲ್ ಕೊಂಡೆ, ಏನೂ ಬದಲಾಗಲಿಲ್ಲ. ತಪ್ಪು ಇದ್ದದ್ದು ಬೇರೆ ಕಡೆ: ನಾನು ನಿಂತ ಹಡಗಿನ ಮೇಲೆ ಇಳಿಯುವುದನ್ನು ಕಲಿತಿದ್ದೆ.

ಡಿಸಿಎಸ್‌ನ ಮಿಷನ್ ಎಡಿಟರ್‌ನಲ್ಲಿ (ಸನ್ನಿವೇಶ ಕಟ್ಟುವ ಭಾಗ) ಹಡಗಿಗೆ ಒಂದೇ ವೇಪಾಯಿಂಟ್ (ದಾರಿಯ ಗುರುತು) ಕೊಟ್ಟರೆ ಅದು ಇದ್ದಲ್ಲೇ ಇರುತ್ತದೆ. ಆಗ ಗೆರೆ ಎಲ್ಲಿಗೂ ಸರಿಯುವುದಿಲ್ಲ, ನೇರ ಬಂದರೆ ವಿಮಾನವನ್ನು ಹಿಡಿದು ನಿಲ್ಲಿಸುವ ತಂತಿ ಸಿಗುತ್ತದೆ. ಓಡುವ ಹಡಗಿನಲ್ಲಿ ಲೆಕ್ಕವೇ ಬೇರೆ. ಅಮೆರಿಕದ ನಿಮಿಟ್ಜ್ ವರ್ಗದ ವಿಮಾನವಾಹಕ ಹಡಗಿನಲ್ಲಿ ಇಳಿಯುವ ಪಟ್ಟಿ ಹಡಗಿನ ಮೂಗಿಗಿಂತ ಸುಮಾರು 9 ಡಿಗ್ರಿ ಎಡಕ್ಕೆ ಓರೆಯಾಗಿದೆ. ಹಡಗು 25 ನಾಟ್‌ನಲ್ಲಿ ಮುಂದೆ ಹೋದರೆ ಆ ಪಟ್ಟಿ ಸೆಕೆಂಡಿಗೆ ಆರೂವರೆ ಅಡಿಯಷ್ಟು ಬಲಕ್ಕೆ ಸರಿಯುತ್ತಿರುತ್ತದೆ. ಗ್ರೂವ್‌ನಲ್ಲಿ, ಅಂದರೆ ಇಳಿಯುವ ಮೊದಲಿನ ಕೊನೆಯ ನೇರ ಹಾದಿಯಲ್ಲಿ, ನೀವಿರುವ 16 ಸೆಕೆಂಡಿನಲ್ಲಿ ಇದು ನೂರು ಅಡಿ ದಾಟುತ್ತದೆ. ಹಾರ್ನೆಟ್‌ನ ರೆಕ್ಕೆಯ ಅಗಲ 37.5 ಅಡಿ. ಹೆಚ್ಚುಕಡಿಮೆ ಮೂರು ವಿಮಾನದಷ್ಟು ಅಗಲ ಗೆರೆ ನಿಮ್ಮಿಂದ ದೂರ ಹೋಯಿತು, ನೀವು ಮಾತ್ರ ನೇರ ಬಂದಿರಿ. ಎಡಕ್ಕೆ ಹೋಗದೆ ಇನ್ನೇನಾದೀತು?

ಥ್ರಾಟಲ್ ಅಭ್ಯಾಸವೂ ಇದರಿಂದ ಕೆಡುತ್ತದೆ, ಅದು ನನಗೆ ಇನ್ನೂ ತಡವಾಗಿ ಗೊತ್ತಾಯಿತು. ನಿಂತ ಹಡಗಿಗೆ, ಗಾಳಿಯಿಲ್ಲದಾಗ, ಮೂರೂವರೆ ಡಿಗ್ರಿ ಇಳಿಜಾರಿನಲ್ಲಿ ಬರಲು ನಿಮಿಷಕ್ಕೆ 850 ಅಡಿಯ ಹತ್ತಿರ ಇಳಿಯಬೇಕು. ಡೆಕ್ ಮೇಲೆ 25 ನಾಟ್ ಎದುರುಗಾಳಿ ಇದ್ದರೆ 700 ಸಾಕು, ಅಂದರೆ ಎಂಜಿನ್‌ಗೆ ಹೆಚ್ಚು ಪವರ್ ಬೇಕು. ಹಳೆಯ ಕೈಯಲ್ಲಿ ಬಂದರೆ ಮೀಟ್‌ಬಾಲ್ (ಇಳಿಜಾರು ಸರಿಯಿದೆಯೇ ಎಂದು ತೋರಿಸುವ ಹಡಗಿನ ದೀಪ) ಮೆಲ್ಲಗೆ ಹಸಿರು ದೀಪಗಳ ಸಾಲಿನಿಂದ ಕೆಳಗಿಳಿದು ಕೆಂಪಾಗುತ್ತದೆ.

ಹಾಗಾಗಿ ಪ್ರಯಾಣಕ್ಕೆ ಮೊದಲು ಮನೆಯಲ್ಲೇ ಇದನ್ನು ಸರಿಮಾಡಿಕೊಳ್ಳಿ. ಹಡಗಿಗೆ ಐವತ್ತು ಮೈಲಿ ದೂರದಲ್ಲಿ ಎರಡನೇ ವೇಪಾಯಿಂಟ್ ಇಡಿ. ವೇಗ 15 ನಾಟ್, ಎದುರಿನಿಂದ 10 ನಾಟ್ ಗಾಳಿ. ವಿಮಾನದ ತೂಕ 34,000 ಪೌಂಡ್ ಮೀರದಂತೆ ಇಂಧನ ಇಳಿಸಿ. ಎಒಎ (ಎದುರು ಬರುವ ಗಾಳಿಗೆ ರೆಕ್ಕೆಯ ಕೋನ) 8.1 ಡಿಗ್ರಿಯಲ್ಲಿ ತಾನೇ ನಿಲ್ಲುವಂತೆ ಟ್ರಿಮ್ ಮಾಡಿ. ಗ್ರೂವ್‌ಗೆ ತಿರುಗಿದ ಮೇಲೆ ಗೆರೆಗೆ ಒಮ್ಮೆ ಜೋಡಿಸಿ ಸುಮ್ಮನಾಗಬೇಡಿ. ಬಲಕ್ಕೆ ಚಿಕ್ಕ ಚಿಕ್ಕ ತಿದ್ದುಪಡಿ ಕೊನೆಯವರೆಗೂ ನಡೆಯುತ್ತಿರಲಿ. ಚಕ್ರ ತಾಗಿದ ಕ್ಷಣ ಥ್ರಾಟಲ್ ಪೂರ್ತಿ ಮುಂದಕ್ಕೆ, ತಂತಿ ಸಿಕ್ಕಿದೆ ಅನ್ನಿಸಿದರೂ.

ಇಷ್ಟಾದ ಮೇಲೆ ಮಿಡ್‌ವೇಗೆ ಹೋಗಿ. ನನಗೆ ಈ ಓರೆ ಮೈಗೆ ಅರ್ಥವಾದದ್ದು ಅಲ್ಲಿಯೇ. ಫ್ಲೈಟ್ ಡೆಕ್‌ನ ಹಿಂದಿನ ತುದಿಗೆ ನಡೆಯಿರಿ, ಇಳಿಯುವ ಪಟ್ಟಿಯ ನಡುಗೆರೆಯ ಮೇಲೆ ನಿಂತು ಎದುರು ನೋಡಿ. ಗೆರೆ ಎಡಕ್ಕೆ ನೀರಿನ ಕಡೆ ಹೋಗುತ್ತದೆ, ಹಡಗಿನ ಮೂಗು ಬಲಗಡೆ ಇನ್ನೊಂದು ದಿಕ್ಕಿಗಿದೆ. ಹಡಗು ಸಾಗುವುದು ಅತ್ತ, ನೀವು ಇಳಿಯುವುದು ಇತ್ತ. ಮಿಡ್‌ವೇಯ ಓರೆ ನಿಮಿಟ್ಜ್‌ಗಿಂತ ಹೆಚ್ಚು, ಆದ್ದರಿಂದ ಎದ್ದು ಕಾಣುತ್ತದೆ. 1945ರಲ್ಲಿ ಸೇವೆಗೆ ಬಂದಾಗ ಈ ಡೆಕ್ ನೇರವಾಗಿತ್ತು, ಓರೆ ಪಟ್ಟಿ ಸೇರಿದ್ದು 1957ಕ್ಕೆ ಮುಗಿದ ಮಾರ್ಪಾಟಿನಲ್ಲಿ. ಅಲ್ಲೇ ಎಡಬದಿಯಲ್ಲಿ ಎಲ್‌ಎಸ್‌ಒ (ಇಳಿಯುವ ಪೈಲಟ್‌ಗೆ ಸೂಚನೆ ಕೊಡುವ ಅಧಿಕಾರಿ) ನಿಲ್ಲುವ ಜಾಗವಿದೆ. ಅಲ್ಲಿಂದ ನಡುಗೆರೆ ಎಷ್ಟು ಹತ್ತಿರ ಎಂದು ನೋಡಿಕೊಳ್ಳಿ, ಸಿಮ್‌ನಲ್ಲಿ ರೇಡಿಯೋದಿಂದ ಬೈಯುವ ದನಿಯ ಬೆಲೆ ಆಮೇಲೆ ತಿಳಿಯುತ್ತದೆ.

ಡೆಕ್ ಮೇಲಿನ ಟಾಮ್‌ಕ್ಯಾಟ್ ಯುದ್ಧವಿಮಾನ ನೋಡಿ ಮೋಸಹೋಗಬೇಡಿ. ಡೆಕ್ ಕೆಳಗೆ ವಿಮಾನ ಇಡುವ ಮಿಡ್‌ವೇಯ ಹ್ಯಾಂಗರ್‌ನ ಎತ್ತರ ಕಡಿಮೆ, ಆ ವಿಮಾನ ಇದರ ದಳದಲ್ಲಿ ಎಂದೂ ಇರಲಿಲ್ಲ. ಇಲ್ಲಿ 1986ರವರೆಗೂ ಫ್ಯಾಂಟಮ್ ಫೈಟರ್‌ಗಳೇ ಇದ್ದವು, ಆಮೇಲೆ ಹಾರ್ನೆಟ್ ಬಂತು. ಅದೇ ವರ್ಷ ಹಡಗಿನ ಹೊಟ್ಟೆಗೆ ಎರಡೂ ಕಡೆ ಉಬ್ಬು ಸೇರಿಸಿದರು, ಅದರಿಂದ ಹೊಯ್ದಾಟ ಇನ್ನೂ ಹೆಚ್ಚಿತು. ಅಂಥ ಡೆಕ್ ಮೇಲೆ ರಾತ್ರಿ ಇಳಿದವರ ಬಗ್ಗೆ ನನಗೆ ಅಪಾರ ಗೌರವ.

ಊರಲ್ಲೇ ನೋಡೋಣವೆಂದರೆ ದಾರಿಯಿಲ್ಲ. ನಮ್ಮ ವಿಮಾನವಾಹಕಗಳಲ್ಲಿ ಹಳೆಯ ವಿಕ್ರಾಂತ್ 2014ರಲ್ಲಿ ಗುಜರಿಗೆ ಹೋಯಿತು, ವಿರಾಟ್ 2020ರಲ್ಲಿ ಹಡಗು ಒಡೆಯುವ ಅಲಂಗ್ ಸೇರಿತು. ಎರಡರಲ್ಲಿ ಒಂದನ್ನಾದರೂ ಉಳಿಸಬೇಕಿತ್ತು, ಈ ಸಂಕಟ ನನಗಿನ್ನೂ ಹೋಗಿಲ್ಲ. ಕಾರವಾರದ ಕಡಲತೀರದಲ್ಲಿರುವ ಐಎನ್‌ಎಸ್ ಚಾಪಲ್ ಕ್ಷಿಪಣಿ ದೋಣಿ. ಚೆನ್ನಾಗಿದೆ, ನೋಡಿ, ಆದರೆ ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೊದಲು ಐಲ್ಯಾಂಡ್ (ಡೆಕ್ ಮೇಲಿನ ಗೋಪುರ) ಟೂರ್‌ನ ಸರದಿಯಲ್ಲಿ ನಿಲ್ಲಿ, ಮಧ್ಯಾಹ್ನ ಅದು ಉದ್ದವಾಗುತ್ತದೆ. ನಂತರ ಡೆಕ್‌ನ ಹಿಂಬದಿ, ಆಮೇಲೆ ಮುಂಬದಿಯಲ್ಲಿ ವಿಮಾನವನ್ನು ಚಿಮ್ಮಿಸುವ ಕ್ಯಾಟಪಲ್ಟ್. ಹ್ಯಾಂಗರ್‌ನಲ್ಲಿರುವ ಸಿಮ್ಯುಲೇಟರ್ ರೈಡ್, ಕಾಕ್‌ಪಿಟ್ ಎಲ್ಲ ಸಮಯ ಉಳಿದರೆ ಮಾತ್ರ. ಏಣಿಗಳು ಕಡಿದಾಗಿವೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.